ಅಂಗಡಿಯ ನಾಲ್ಕು ಕಂಪ್ಯೂಟರ್‌ಗೆ ಯಾವ ಬ್ರೌಸರ್ ಹಾಕಲಿ?

ತಿಪಟೂರಿನವನು:

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಜೊತೆಗೆ ಆನ್‌ಲೈನ್ ಅರ್ಜಿ ತುಂಬುವ ಕೆಲಸ. ನಾಲ್ಕು ಕಂಪ್ಯೂಟರ್ ಇವೆ. ಎರಡನ್ನು ನಾನು ಮತ್ತು ಕೆಲಸಕ್ಕೆ ಬರುವ ಹುಡುಗಿ ಬಳಸುತ್ತೇವೆ. ಇನ್ನೆರಡರಲ್ಲಿ ಗಿರಾಕಿಗಳೇ ಕೂರುತ್ತಾರೆ. ಪಹಣಿ, ಇಸಿ, ಜಾತಿ-ಆದಾಯ ಪತ್ರ, ಸ್ಕಾಲರ್‌ಶಿಪ್, ಪಾಸ್‌ಪೋರ್ಟ್, ಸೀಸನ್ ಬಂದರೆ ಸಿಇಟಿ. ಕೊಬ್ಬರಿ ಹರಾಜಿನ ದಿನ ಮಾರ್ಕೆಟ್‌ಗೆ ಬಂದವರು ಹಾಗೇ ನಮ್ಮಲ್ಲಿಗೂ ಬರುತ್ತಾರೆ. ಆವತ್ತು ಟೀ ಕುಡಿಯಲೂ ಪುರುಸೊತ್ತು ಇರುವುದಿಲ್ಲ.

ಇಷ್ಟು ವರ್ಷ ಬ್ರೌಸರ್ ಬಗ್ಗೆ ತಲೆ ಕೆಡಿಸಿಕೊಂಡವನಲ್ಲ. ಹೋದ ತಿಂಗಳು ಕೆಡಿಸಿಕೊಳ್ಳಬೇಕಾಯಿತು.

ಒಬ್ಬರು ಅಜ್ಜ ಬಂದಿದ್ದರು. ಮಗಳು ಮಸ್ಕತ್‌ನಲ್ಲಿದ್ದಾಳೆ, ಬಾಣಂತನಕ್ಕೆ ಅಜ್ಜಿ ಹೋಗಬೇಕು, ಪಾಸ್‌ಪೋರ್ಟ್ ಬೇಕು. ನಾನು ಊಟಕ್ಕೆ ಹೋಗಿದ್ದೆ. ಹುಡುಗಿ ಸರ್ಚ್‌ನಲ್ಲಿ ‘ಪಾಸ್‌ಪೋರ್ಟ್ ಅಪ್ಲೈ’ ಎಂದು ಹೊಡೆದು, ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದ್ದಾಳೆ. ಅದೇ ನೀಲಿ ಬಣ್ಣ, ಅದೇ ತರದ ಲಾಂಛನ. 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ಆ ಸೈಟು 2,850 ಕೇಳಿದೆ. ‘ಬೇಗ ಬೇಕು ಅಂದ್ರಲ್ಲ, ಅದಕ್ಕೇ ಜಾಸ್ತಿ ಇರಬೇಕು ಅಂದ್ಕೊಂಡೆ’ ಅಂದಳು. ದುಡ್ಡು ಕಟ್ಟಿದ್ದಾಯಿತು. ಅಪಾಯಿಂಟ್‌ಮೆಂಟ್ ಬರಲೇ ಇಲ್ಲ. ಅಜ್ಜನಿಗೆ ನನ್ನ ಗಲ್ಲಾದಿಂದ ಕೊಟ್ಟೆ. ಅವರೇನೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇಲೆ ಬಂದದ್ದು ಜಾಹೀರಾತು ಅಂತ ಆಮೇಲೆ ಗೊತ್ತಾಯಿತು. ಆ ಕಂಪ್ಯೂಟರಿನ ಬ್ರೌಸರ್‌ಗೆ ಮೊದಲು ಯೂಬ್ಲಾಕ್ ಆರಿಜಿನ್ ಅಂತ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿದ್ದೆ, ಜಾಹೀರಾತೇ ಕಾಣುತ್ತಿರಲಿಲ್ಲ. ಈಗ ನೋಡಿದರೆ ಬ್ರೌಸರ್ ಅದನ್ನು ಯಾವಾಗಲೋ ಆಫ್ ಮಾಡಿ ಕೂತಿದೆ, ನನ್ನನ್ನೊಂದು ಮಾತು ಕೇಳದೆ.

ಇನ್ನೊಂದು ತಲೆನೋವು. ಗಿರಾಕಿಗಳ ಕಂಪ್ಯೂಟರಿನಲ್ಲಿ ಯಾರೋ ಫಾರ್ಮ್ ತುಂಬುತ್ತಾ ‘ಎಂ’ ಒತ್ತಿದರೆ ಹಿಂದೆ ಕೂತಿದ್ದವರ ಹೆಸರು, ಮೊಬೈಲ್ ನಂಬರ್ ಎಲ್ಲ ಸಾಲಾಗಿ ಉದುರುತ್ತದೆ. ಒಬ್ಬ ಹುಡುಗ ಜಿಮೇಲ್ ತೆರೆದಿಟ್ಟು ಹಾಗೇ ಹೋಗಿದ್ದ, ಮೂರು ದಿನ ಹಾಗೇ ಇತ್ತು.

ಅಕ್ಕನ ಮಗ ಬೆಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಫೋನಿನಲ್ಲಿ ಕೇಳಿದರೆ ಒಂದು ದಿನ ಬ್ರೇವ್ ಅಂತಾನೆ, ಇನ್ನೊಂದು ದಿನ ವಿವಾಲ್ಡಿ, ಮೊನ್ನೆ ಉಲಾ. ಕೊನೆಗೆ ‘ಮಾಮ, ಎಲ್ಲಾ ಒಳಗೆ ಒಂದೇ’ ಅಂದ. ಹಾಗಾದರೆ ಇಷ್ಟು ದಿನ ಏನು ಹೇಳಿದೆಯಪ್ಪ?

ಕಂಪ್ಯೂಟರ್‌ಗಳು ಹಳೇವು, 4 ಜಿಬಿ ರ‍್ಯಾಮ್, ವಿಂಡೋಸ್ 10. ಯಾವುದನ್ನು ಹಾಕಲಿ, ಹೇಗೆ ಹಾಕಲಿ, ಸ್ವಲ್ಪ ತಿಳಿದವರು ಹೇಳಿ.

ನೆಟ್‌ವರ್ಕ್ ನಾಗ:

ಸಾರ್, ಮೊದಲು ಇದು ಹೇಳಿ. 1930ಕ್ಕೆ ಫೋನ್ ಮಾಡಿದಿರಾ? ದುಡ್ಡು ಹೋದ ಕೆಲವೇ ಗಂಟೆಯೊಳಗೆ ಹೇಳಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮುಂದಕ್ಕಾದರೂ ಆ ನಂಬರನ್ನು ಗೋಡೆಗೆ ಅಂಟಿಸಿಕೊಳ್ಳಿ.

ನಾನು ಬೆಂಗಳೂರಿನ ಒಂದು ಆಫೀಸಿನಲ್ಲಿ ಮುನ್ನೂರು ಚಿಲ್ಲರೆ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ನಿಮ್ಮ ಅಕ್ಕನ ಮಗ ಕೊನೆಗೆ ಹೇಳಿದ್ದು ಸರಿ. ನಿಮ್ಮೂರ ಬಸ್ ಸ್ಟ್ಯಾಂಡಿಗೆ ಬರುವ ಖಾಸಗಿ ಬಸ್‌ಗಳನ್ನು ನೋಡಿ. ಹೆಸರು ಬೇರೆ, ಬಣ್ಣ ಬೇರೆ, ಒಂದರಲ್ಲಿ ಟಿವಿ, ಇನ್ನೊಂದರಲ್ಲಿ ದೇವರ ಫೋಟೋಗೆ ಸೀರಿಯಲ್ ಲೈಟು. ಬಗ್ಗಿ ನೋಡಿದರೆ ಚಾಸಿ ಒಂದೇ ಕಂಪನಿಯದು. ಬ್ರೌಸರ್ ಕಥೆಯೂ ಹಾಗೇ. ಕ್ರೋಮ್, ಎಡ್ಜ್, ಬ್ರೇವ್, ವಿವಾಲ್ಡಿ, ಒಪೆರಾ, ಝೋಹೋದವರ ಉಲಾ, ಎಲ್ಲದರ ಚಾಸಿ ಕ್ರೋಮಿಯಂ. ಅದನ್ನು ಹೆಚ್ಚಾಗಿ ಕಟ್ಟುವುದು ಗೂಗಲ್. ಒಪೆರಾಗೆ ಮೊದಲು ಸ್ವಂತ ಚಾಸಿ ಇತ್ತು, 2013ರಲ್ಲಿ ಬಿಟ್ಟುಬಿಟ್ಟರು. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ 2020ರ ಜನವರಿಯಲ್ಲಿ ಎಡ್ಜ್ ಅನ್ನು ಕ್ರೋಮಿಯಂ ಮೇಲೆ ಕೂರಿಸಿತು. ಈಗ ದೊಡ್ಡ ಮಟ್ಟದಲ್ಲಿ ಬೇರೆ ಚಾಸಿ ಉಳಿದಿರುವುದು ಎರಡೇ: ಆಪಲ್‌ನವರ ವೆಬ್‌ಕಿಟ್, ಮೊಜಿಲ್ಲಾದ ಗೆಕೋ. ಮೊಜಿಲ್ಲಾದವರ ಫೈರ್‌ಫಾಕ್ಸ್ ಓಡುವುದು ಗೆಕೋ ಮೇಲೆ. ವಿಂಡೋಸ್‌ನಲ್ಲಿ ಆಪಲ್‌ನ ಸಫಾರಿ ಇಲ್ಲ, ಹಾಗಾಗಿ ನಿಮಗೆ ಬೇರೆ ಚಾಸಿ ಅಂದರೆ ಫೈರ್‌ಫಾಕ್ಸ್ ಒಂದೇ.

ಇದರಿಂದ ನಿಮಗೇನು ಅಂತೀರಾ? ನಿಮ್ಮ ಯೂಬ್ಲಾಕ್ ಹೋದದ್ದೇ ಇದಕ್ಕೆ. ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರ್‌ಗೆ ಜೋಡಿಸುವ ಇಂಥ ಸಣ್ಣ ತಂತ್ರಾಂಶಗಳು, ಹೇಗೆ ಕೆಲಸ ಮಾಡಬೇಕು ಎಂಬ ನಿಯಮಕ್ಕೆ ಮ್ಯಾನಿಫೆಸ್ಟ್ ಅಂತ ಹೆಸರು. ಎರಡನೇ ಆವೃತ್ತಿಯಲ್ಲಿ ಎಕ್ಸ್‌ಟೆನ್ಷನ್ ಬಾಗಿಲಲ್ಲಿ ನಿಂತು, ಒಳಗೆ ಬರುವ ಒಂದೊಂದನ್ನೂ ತಾನೇ ನೋಡಿ ತಡೆಯಬಹುದಿತ್ತು. ಮೂರನೆಯದರಲ್ಲಿ ಅದು ಬ್ರೌಸರ್ ಕೈಗೆ ಒಂದು ಪಟ್ಟಿ ಕೊಟ್ಟು ಪಕ್ಕಕ್ಕೆ ನಿಲ್ಲಬೇಕು. ತಡೆಯುವ ಕೆಲಸ ಬ್ರೌಸರ್‌ನದು. ಎಕ್ಸ್‌ಟೆನ್ಷನ್ ಹೆಸರಲ್ಲಿ ಮಾಹಿತಿ ಕದಿಯುವವರನ್ನು ತಡೆಯೋಕೆ ಇದು ಬೇಕು ಅಂತ ಗೂಗಲ್‌ನ ವಾದ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಜಾಹೀರಾತಿನಿಂದಲೇ ಬದುಕುವ ಕಂಪನಿ ಜಾಹೀರಾತು ತಡೆಯುವವನ ಕೈ ಕಟ್ಟಿದರೆ ಜನ ಮಾತಾಡದೆ ಇರ್ತಾರಾ? 2025ರ ಹೊತ್ತಿಗೆ ಕ್ರೋಮ್‌ನಲ್ಲಿ ಹಳೇ ಯೂಬ್ಲಾಕ್ ಪೂರ್ತಿ ನಿಂತಿತು. ಅದರ ಬದಲು ಯೂಬ್ಲಾಕ್ ಆರಿಜಿನ್ ಲೈಟ್ ಇದೆ. ಪರವಾಗಿಲ್ಲ, ಆದರೆ ಹಳೆಯದರ ಕೈಚಳಕ ಇಲ್ಲ. ಬ್ರೇವ್, ವಿವಾಲ್ಡಿಯವರು ಜಾಹೀರಾತು ತಡೆಯುವುದನ್ನು ಬ್ರೌಸರ್ ಒಳಗೇ ಕಟ್ಟಿಕೊಂಡಿದ್ದಾರೆ. ಫೈರ್‌ಫಾಕ್ಸ್‌ನಲ್ಲಿ ಹಳೇ ಯೂಬ್ಲಾಕ್ ಇವತ್ತಿಗೂ ಓಡುತ್ತದೆ.

ನನ್ನ ಮಾತು: ಗಿರಾಕಿಗಳ ಎರಡು ಕಂಪ್ಯೂಟರ್‌ಗೆ ಫೈರ್‌ಫಾಕ್ಸ್ ಮತ್ತು ಯೂಬ್ಲಾಕ್. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ವಿಭಾಗಕ್ಕೆ ಹೋಗಿ, ಹಿಸ್ಟರಿ ಕೆಳಗೆ ‘ಯಾವಾಗಲೂ ಪ್ರೈವೇಟ್ ಮೋಡ್’ ಎಂಬುದನ್ನು ಆರಿಸಿ. ಯೂಬ್ಲಾಕ್‌ಗೆ ‘ಪ್ರೈವೇಟ್ ವಿಂಡೋದಲ್ಲೂ ಓಡಲಿ’ ಅಂತ ಬೇರೆಯಾಗಿ ಅನುಮತಿ ಕೊಡಬೇಕು, ಮರೀಬೇಡಿ. ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ತಿಪಟೂರಿನವನು:

ಬಸ್ಸಿನ ಮಾತು ಚೆನ್ನಾಗಿ ತಲೆಗೆ ಹೋಯಿತು ಸಾರ್. 1930ಕ್ಕೆ ಮಾಡಿದೆ, ಆದರೆ ಆರನೇ ದಿನ. ತಡವಾಗಿತ್ತು.

ಒಂದು ಸಂಶಯ. ಆ ನಕಲಿ ಸೈಟಿನಲ್ಲಿ ಬೀಗದ ಗುರುತು ಇತ್ತು. ನಾನೇ ಹುಡುಗಿಗೆ ಹೇಳಿಕೊಟ್ಟಿದ್ದೆ, ಬೀಗ ಇದ್ದರೆ ಧೈರ್ಯವಾಗಿ ದುಡ್ಡು ಕಟ್ಟಮ್ಮ ಅಂತ. ಅವಳು ಬೀಗ ನೋಡಿಯೇ ಕಟ್ಟಿದ್ದು. ಹಾಗಾದರೆ ಬೀಗ ಸುಳ್ಳಾ?

ನೆಟ್‌ವರ್ಕ್ ನಾಗ:

ಬೀಗ ಸುಳ್ಳಲ್ಲ, ನಾವು ಅದಕ್ಕೆ ಕೊಟ್ಟ ಅರ್ಥ ತಪ್ಪು. ನಿಮ್ಮ ಕಂಪ್ಯೂಟರ್‌ಗೂ ಆ ವಿಳಾಸಕ್ಕೂ ನಡುವೆ ಯಾರೂ ಕದ್ದು ಕೇಳುತ್ತಿಲ್ಲ ಎಂದಷ್ಟೇ ಬೀಗ ಹೇಳುತ್ತದೆ. ಆ ಕಡೆ ಕೂತಿರುವವನು ಕಳ್ಳನೇ ಆದರೆ, ಕಳ್ಳನ ಜೊತೆ ಗುಟ್ಟಾಗಿ ಮಾತಾಡಿದ ಹಾಗಾಯಿತು. ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಈಗ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್‌ನವರು 2023ರಲ್ಲಿ ವಿಳಾಸದ ಪಕ್ಕದ ಬೀಗದ ಚಿತ್ರವನ್ನೇ ತೆಗೆದರು, ಬೇರೆ ಕೆಲವು ಬ್ರೌಸರ್‌ಗಳಲ್ಲಿ ಇನ್ನೂ ಇದೆ.

ನೋಡಬೇಕಾದ್ದು ವಿಳಾಸದ ಬಾಲ. ಪಾಸ್‌ಪೋರ್ಟ್‌ನದು ‘ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್’. ‘ಗವ್ ಡಾಟ್ ಇನ್’ ಅಂತ ಮುಗಿಯುವ ವಿಳಾಸ ಖಾಸಗಿಯವರಿಗೆ ಕೊಡುವುದಿಲ್ಲ. ಅದಕ್ಕಿಂತ ಸುಲಭದ ದಾರಿ ಅಂದರೆ ಸರ್ಚ್ ಮಾಡಲೇಬೇಡಿ. ದಿನಾ ಬಳಸುವ ಹತ್ತು ಹನ್ನೆರಡು ಸೈಟ್‌ಗಳನ್ನು ಬುಕ್‌ಮಾರ್ಕ್ ಪಟ್ಟಿಯಲ್ಲಿ ಮೇಲೆಯೇ ಸಾಲಾಗಿ ಇಡಿ. ಹುಡುಗಿ ಅಲ್ಲಿಂದಲೇ ಒತ್ತಲಿ. ಯೂಬ್ಲಾಕ್ ಜಾಹೀರಾತನ್ನು ತಡೆಯುತ್ತದೆ, ಆದರೆ ಜಾಹೀರಾತಲ್ಲದೆ ಮಾಮೂಲಿ ಸಾಲಿನಲ್ಲಿ ಬರುವ ನಕಲಿಯನ್ನು ಎಲ್ಲ ಸಲವೂ ತಡೆಯುತ್ತದೆ ಅಂತಿಲ್ಲ.

ಬೀಗದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ಕೊಡುವವರಲ್ಲಿ ಯಾರನ್ನು ನಂಬಬೇಕು ಎಂಬ ಪಟ್ಟಿ ಒಂದಿರುತ್ತದೆ. ಆ ಪಟ್ಟಿ ಯಾರದು ಎಂಬುದು ದೊಡ್ಡ ವಿಷಯ. 2014ರ ಜುಲೈನಲ್ಲಿ ನಮ್ಮ ದೇಶದ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಕಡೆಯಿಂದ ಗೂಗಲ್‌ನ ಕೆಲವು ವಿಳಾಸಗಳಿಗೆ ಅನುಮತಿ ಇಲ್ಲದ ಸರ್ಟಿಫಿಕೇಟ್‌ಗಳು ಹೊರಬಿದ್ದಿದ್ದವು. ಅಂಥದ್ದು ಕೈಯಲ್ಲಿದ್ದರೆ ನಡುವೆ ಕೂತು ‘ನಾನೇ ಗೂಗಲ್’ ಅನ್ನಬಹುದು. ವಿಂಡೋಸ್‌ನ ಪಟ್ಟಿಯಲ್ಲಿ ನಮ್ಮ ದೇಶದ ಸಿಸಿಎ, ಅಂದರೆ ಸರ್ಟಿಫಿಕೇಟ್ ಕೊಡುವವರನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ, ಇತ್ತು, ಹಾಗಾಗಿ ಆ ಪಟ್ಟಿ ನೋಡುವ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅವನ್ನು ನಂಬುವ ಸ್ಥಿತಿಯಲ್ಲಿತ್ತು. ಕ್ರೋಮ್ ಕೂಡ ವಿಂಡೋಸ್‌ನಲ್ಲಿ ಅದೇ ಪಟ್ಟಿ ನೋಡುತ್ತಿತ್ತು, ಆದರೆ ಗೂಗಲ್ ವಿಳಾಸಗಳಿಗೆ ಬೇರೆ ಕಾವಲು ಇಟ್ಟಿದ್ದರಿಂದ ಅವನ್ನು ಒಪ್ಪುತ್ತಿರಲಿಲ್ಲ. ಫೈರ್‌ಫಾಕ್ಸ್‌ಗೆ ತನ್ನದೇ ಪಟ್ಟಿ, ಅದರಲ್ಲಿ ಸಿಸಿಎ ಇರಲಿಲ್ಲ. ಅದಕ್ಕೆ ಬಿಸಿ ತಟ್ಟಲೇ ಇಲ್ಲ. 2022ರಲ್ಲಿ ಕ್ರೋಮ್ ಕೂಡ ಸ್ವಂತ ಪಟ್ಟಿ ಮಾಡಿಕೊಳ್ಳಲು ಶುರುಮಾಡಿತು. ಎಲ್ಲರೂ ಒಂದೇ ಪಟ್ಟಿ, ಒಂದೇ ಚಾಸಿ ಇಟ್ಟುಕೊಂಡರೆ ಒಂದು ಕಡೆ ತೂತಾದರೆ ಎಲ್ಲರ ಮನೆಯೂ ಸೋರುತ್ತದೆ.

ತಗಾದೆ ತಮ್ಮಣ್ಣ:

ನಾಗಣ್ಣ ಫೈರ್‌ಫಾಕ್ಸ್‌ಗೆ ಆರತಿ ಎತ್ತಿದ್ದು ಸಾಕು. ಮೊಜಿಲ್ಲಾ ಸ್ವತಂತ್ರ ಅಂತೀರಿ, ಅವರಿಗೆ ಊಟ ಹಾಕುವವರು ಯಾರು? ಆದಾಯದ ಬಹುಪಾಲು ಬರುವುದು ಗೂಗಲ್ ಸರ್ಚನ್ನು ಮೊದಲಿಗೆ ಇಟ್ಟದ್ದಕ್ಕೆ ಗೂಗಲ್ ಕೊಡುವ ದುಡ್ಡಿನಿಂದ. ಅಮೆರಿಕದಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಸರ್ಚ್ ವಿಷಯದಲ್ಲಿ ಗೂಗಲ್ ಏಕಸ್ವಾಮ್ಯ ನಡೆಸಿದೆ ಅಂತ ತೀರ್ಪು ಕೊಟ್ಟಾಗ ಎಲ್ಲರಿಗಿಂತ ಹೆದರಿದ್ದು ಮೊಜಿಲ್ಲಾ! ಗೂಗಲ್ ದುಡ್ಡು ಕೊಡುವುದನ್ನೇ ನಿಲ್ಲಿಸಿಬಿಟ್ಟರೆ ನಾವು ಮುಳುಗುತ್ತೇವೆ ಅಂತ. 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಧೀಶರು ಕ್ರೋಮ್ ಮಾರಬೇಕಿಲ್ಲ, ದುಡ್ಡು ಕೊಡುವುದನ್ನೂ ಪೂರ್ತಿ ನಿಲ್ಲಿಸಬೇಕಿಲ್ಲ ಅಂದರು. ಮೊಜಿಲ್ಲಾ ಉಸಿರುಬಿಟ್ಟಿತು. ಇದಕ್ಕೆ ಸ್ವಾತಂತ್ರ್ಯ ಅಂತೀರಾ? ಬಾಡಿಗೆ ಮನೆ, ಓನರ್ ಪಕ್ಕದ ಮನೆಯವನು.

2025ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್‌ನ ನಿಯಮಗಳಲ್ಲಿ ಬರೆದ ಒಂದು ಮಾತಿಗೆ ಜನ ರೊಚ್ಚಿಗೆದ್ದದ್ದು ನೆನಪಿದೆಯಾ? ನಿಮ್ಮ ಮಾಹಿತಿ ಎಂದೂ ಮಾರುವುದಿಲ್ಲ ಎಂದಿದ್ದ ಸಾಲನ್ನೂ ಆಗಲೇ ತೆಗೆದರು. ಆಮೇಲೆ ನಿಯಮಗಳನ್ನು ತಿದ್ದಿ ಬರೆದರು, ಆ ಮಾತು ಬೇರೆ.

ಹಾಗಂತ ಬ್ರೇವ್‌ನವರೂ ಸಾಚಾ ಏನಲ್ಲ. ಜಾವಾಸ್ಕ್ರಿಪ್ಟ್ ಕಟ್ಟಿದ ಬ್ರೆಂಡನ್ ಐಕ್ ಅವರ ಕಂಪನಿ, ಕೆಲಸ ಚೆನ್ನಾಗಿದೆ. ಆದರೆ 2020ರಲ್ಲಿ ಕೆಲವು ಕ್ರಿಪ್ಟೋ ಸೈಟ್‌ಗಳ ವಿಳಾಸ ಹೊಡೆದರೆ ಬಾಲಕ್ಕೆ ತಮ್ಮ ಕಮಿಷನ್ ಕೋಡ್ ಅಂಟಿಸುತ್ತಿದ್ದದ್ದು ಸಿಕ್ಕಿಬಿತ್ತು. ಕ್ಷಮೆ ಕೇಳಿ ತೆಗೆದರು. ದೇಣಿಗೆಯಷ್ಟೇ ಸಾಕು, ಚಾಸಿಯನ್ನೂ ಮೊದಲಿನಿಂದ ನಾವೇ ಕಟ್ಟುತ್ತೇವೆ ಅಂತ ಹೊರಟವರು ಲೇಡಿಬರ್ಡ್ ಬ್ರೌಸರ್‌ನವರು. ಆಂಡ್ರಿಯಾಸ್ ಕ್ಲಿಂಗ್ ಶುರುಮಾಡಿದ್ದು, 2024ರಿಂದ ಲಾಭಕ್ಕಲ್ಲದ ಸಂಸ್ಥೆ, ಸರ್ಚ್ ಒಪ್ಪಂದವೂ ಇಲ್ಲ. ನನಗೆ ಅದರ ಮೇಲೆ ಆಸೆ ಇದೆ. ಆದರೆ ಇನ್ನೂ ಅಂಗಡಿಯಲ್ಲಿ ಇಡುವ ಹಂತಕ್ಕೆ ಬಂದಿಲ್ಲ.

ನಾನು ಮನೆಯಲ್ಲಿ ಏನು ಬಳಸುತ್ತೇನೆ ಅಂತ ಕೇಳಬೇಡಿ. ಸರಿ, ಫೈರ್‌ಫಾಕ್ಸ್.

ಕುಂದಾಪುರದ ಟೆಂಡರ್ ಅಕ್ಕ:

ತಮ್ಮಣ್ಣನ ಕೊನೇ ಸಾಲಿಗೆ ನಗು ಬಂತು.

ತಿಪಟೂರಿನ ಅಣ್ಣ, ನಾನು ಕಂಟ್ರಾಕ್ಟರ್‌ಗಳಿಗೆ ಟೆಂಡರ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ದಿನವಿಡೀ ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿಯ ಆ ಪೆನ್‌ಡ್ರೈವ್ ಥರದ್ದರ ಜೊತೆ ಜಗಳ. ಸಿದ್ಧಾಂತ ಎಲ್ಲ ಇಲ್ಲಿ ಬಂದು ಮುಗ್ಗರಿಸುತ್ತದೆ. ಮೊದಲು ಇದು ಬ್ರೌಸರ್ ಒಳಗೆ ಜಾವಾ ಮೂಲಕ ನಡೆಯುತ್ತಿತ್ತು. 2015ರಲ್ಲಿ ಕ್ರೋಮ್ ಆ ಹಳೇ ಪ್ಲಗಿನ್ ಬಾಗಿಲು ಮುಚ್ಚಿತು, 2017ರಲ್ಲಿ ಫೈರ್‌ಫಾಕ್ಸ್. ಭದ್ರತೆಗೆ ಒಳ್ಳೆಯದೇ ಆಯಿತು. ಆದರೆ ನಾವು ಒಂದು ವರ್ಷ ಹಳೇ ಬ್ರೌಸರ್ ಇಟ್ಟುಕೊಂಡು, ಅಪ್‌ಡೇಟ್ ಆಗದ ಹಾಗೆ ಕಾವಲು ಕಾದೆವು. ಈಗ ಹೆಚ್ಚಿನ ಕಡೆ ಕಂಪ್ಯೂಟರಿನಲ್ಲೇ ಒಂದು ಸಣ್ಣ ಸಹಿ ತಂತ್ರಾಂಶ ಹಾಕಿಸುತ್ತಾರೆ, ಸೈಟು ಅದರ ಜೊತೆ ಮಾತಾಡುತ್ತದೆ. ಬೆರಳಚ್ಚಿನ ಸಾಧನವೂ ಹೀಗೇ.

ಅದಕ್ಕೇ ನಿಮ್ಮಿಬ್ಬರ ಕಂಪ್ಯೂಟರಿನಲ್ಲಿ ಕ್ರೋಮಿಯಂನ ಒಂದು ಬ್ರೌಸರ್ ಇರಲೇಬೇಕು. ಎಡ್ಜ್ ಸಾಕು, ಹೇಗೂ ವಿಂಡೋಸ್ ಜೊತೆ ಬಂದಿದೆ. ಈಗಲೂ ‘ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ’ ಅನ್ನುವ ಮುದಿ ಪೋರ್ಟಲ್ ಸಿಕ್ಕರೆ ಎಡ್ಜ್‌ನಲ್ಲಿ ಐಇ ಮೋಡ್ ಇದೆ. ಕಡಿಮೆಯೆಂದರೂ 2029ರವರೆಗೆ ಇಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಒಂದು ಉಪದ್ರ ಉಂಟು: ಆ ಪಟ್ಟಿಗೆ ನಾವು ಸೇರಿಸಿದ ಸೈಟು 30 ದಿನಕ್ಕೆ ತಾನಾಗಿ ಅಳಿಯುತ್ತದೆ. ತಿಂಗಳಿಗೊಮ್ಮೆ ‘ನಿನ್ನೆ ಬರ್ತಿತ್ತು, ಇವತ್ತು ಬರ್ತಿಲ್ಲ’ ಅಂತ ಯಾರಾದರೂ ಫೋನ್ ಮಾಡುತ್ತಾರೆ. ಪುನಃ ಸೇರಿಸಬೇಕು, ಅಷ್ಟೇ.

ಇನ್ನೊಂದು ಹೊಸದು. 2025ರ ಕೊನೆಯಿಂದ ಕ್ರೋಮ್‌ನಲ್ಲಿ ಸೈಟು ನಮ್ಮ ಕಂಪ್ಯೂಟರಿನ ಒಳಗಿನ ತಂತ್ರಾಂಶದ ಜೊತೆ ಮಾತಾಡಬೇಕಾದರೆ ಅನುಮತಿ ಕೇಳುತ್ತದೆ. ನಮ್ಮ ಜನ ಯಾವ ಪೆಟ್ಟಿಗೆ ಬಂದರೂ ‘ಬ್ಲಾಕ್’ ಒತ್ತುವವರು. ಆಮೇಲೆ ಟೋಕನ್ ಕಾಣಿಸುತ್ತಿಲ್ಲ ಅಂತ ಟೋಕನ್ ತಿರುಗಿಸಿ ಮುರುಗಿಸಿ ಚುಚ್ಚುತ್ತಾರೆ. ಹುಡುಗಿಗೆ ಮೊದಲೇ ಹೇಳಿಡಿ: ಸಹಿಯ ಸೈಟಿಗೆ ಮಾತ್ರ ‘ಅಲೋ’, ಉಳಿದವಕ್ಕೆ ಬೇಡ.

ಮತ್ತೆ ಎಲ್ಲರೂ ಮರೆತದ್ದು ಡೌನ್‌ಲೋಡ್ಸ್ ಫೋಲ್ಡರ್. ಪ್ರೈವೇಟ್ ಮೋಡ್ ಹಾಕಿದರೂ ಇಳಿಸಿಕೊಂಡ ಫೈಲು ಅಳಿಯುವುದಿಲ್ಲ. ನಿಮ್ಮ ಗಿರಾಕಿಗಳ ಕಂಪ್ಯೂಟರಿನಲ್ಲಿ ಈಗ ತೆರೆದು ನೋಡಿ, ಎಷ್ಟು ಆಧಾರ್ ಪಿಡಿಎಫ್ ಬಿದ್ದಿವೆ ಅಂತ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ ಎಂಬುದು ಊರಿಗೇ ಗೊತ್ತು.

ತಿಪಟೂರಿನವನು:

ಅಕ್ಕ, ತೆರೆದು ನೋಡಿದೆ. 412 ಫೈಲ್. ಅದರಲ್ಲಿ ನಮ್ಮ ಬೀದಿಯವರದೇ ಇಪ್ಪತ್ತು ಮೂವತ್ತು ಇರಬೇಕು. ನನ್ನ ಭಾವಮೈದನ ಬ್ಯಾಂಕ್ ಸ್ಟೇಟ್‌ಮೆಂಟೂ ಸಿಕ್ಕಿತು. ತೆರೆದು ನೋಡಲಿಲ್ಲ, ದೇವರಾಣೆ. ಎಲ್ಲ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ.

ನಿವೃತ್ತ ಕನ್ನಡ ಮೇಷ್ಟ್ರು:

ಭದ್ರತೆ, ಸ್ವಾತಂತ್ರ್ಯ ಎಲ್ಲ ಹೇಳಿದಿರಿ. ನನ್ನಂಥವನಿಗೆ ಬೇಕಾದ ಒಂದು ಸೌಲಭ್ಯ ಹೇಳುತ್ತೇನೆ. ನನಗೆ ಎಪ್ಪತ್ತೆರಡು. ಇಂಗ್ಲಿಷ್ ಅಕ್ಷರ ಕಾಣುವ ಅಳತೆಯಲ್ಲಿ ಕನ್ನಡ ಕಾಣುವುದಿಲ್ಲ. ಒತ್ತಕ್ಷರ ಇರುವೆಯ ಹಾಗೆ ಕಾಣುತ್ತದೆ. ಪುಟವನ್ನೇ ದೊಡ್ಡದು ಮಾಡಿದರೆ ಅರ್ಧ ಫಾರ್ಮ್ ಆಚೆ ಓಡಿಹೋಗುತ್ತದೆ.

ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಎಂಬಲ್ಲಿ ‘ಅಡ್ವಾನ್ಸ್ಡ್’ ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡ ಆರಿಸಿ, ಕನ್ನಡಕ್ಕೆ ಮಾತ್ರ ಬೇರೆ ಫಾಂಟ್, ಬೇರೆ ಕನಿಷ್ಠ ಅಳತೆ ಕೊಡಬಹುದು. ಪುಟ ತಾನು ಕನ್ನಡದ್ದು ಎಂದು ಸರಿಯಾಗಿ ಹೇಳಿಕೊಂಡಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಾನು 18 ಇಟ್ಟಿದ್ದೇನೆ. ಬ್ರೌಸರ್‌ನ ಮೆನುಗಳೂ ಕನ್ನಡದಲ್ಲಿ ಸಿಗುತ್ತವೆ, ಅನುವಾದ ಮಾಡಿದವರು ಹೆಚ್ಚಾಗಿ ಸ್ವಯಂಸೇವಕರು. ಕೆಲವು ಪದ ನನಗೆ ಒಗ್ಗಲಿಲ್ಲ. ಆದರೂ ಪುಕ್ಕಟೆ ಕೂತು ಮಾಡಿದ್ದಾರೆ, ತಪ್ಪು ಹುಡುಕುವುದು ಸರಿಯಲ್ಲ.

ಅಂಗಡಿಗೆ ಬರುವ ಮುದುಕರಿಗೆ ಇದನ್ನು ಮಾಡಿಕೊಡಿ.

ನೆಟ್‌ವರ್ಕ್ ನಾಗ:

ಮೇಷ್ಟ್ರೇ, ಹದಿನೈದು ವರ್ಷದಿಂದ ಫೈರ್‌ಫಾಕ್ಸ್ ಬಳಸುತ್ತಿದ್ದೇನೆ, ಇದು ಗೊತ್ತೇ ಇರಲಿಲ್ಲ. ಇವತ್ತೇ ಅಮ್ಮನ ಲ್ಯಾಪ್‌ಟಾಪ್‌ಗೆ ಮಾಡುತ್ತೇನೆ.

ಟೆಂಡರ್ ಅಕ್ಕ ಹೇಳಿದ್ದು ಒಪ್ಪಿದೆ, ಎರಡು ಚಾಸಿ ಇಟ್ಟುಕೊಳ್ಳಿ. ತಿಪಟೂರು ಸಾರ್, ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಬ್ರೌಸರ್ ಎಷ್ಟೇ ಗಟ್ಟಿ ಬಾಗಿಲಾದರೂ ಗೋಡೆ ಮಣ್ಣಿನದಾದರೆ ಕಷ್ಟ. ಗಿರಾಕಿಗಳ ಎರಡಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕುವ ಯೋಚನೆ ಮಾಡಿ, ಅಲ್ಲಿ ಡಿಎಸ್‌ಸಿ ಗೋಜಲು ಹೇಗೂ ಇಲ್ಲ. ನಿಧಾನ ಅನ್ನಿಸಿದರೆ ಬ್ರೌಸರ್ ಬದಲಿಸುವ ಮೊದಲು ಹಳೇ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್, ಹಾಕಿಸಿ. 4 ಜಿಬಿಯಲ್ಲಿ ಯಾವ ಬ್ರೌಸರೂ ಹಗುರ ಅಲ್ಲ.

ತಿಪಟೂರಿನವನು:

ಮೂರು ವಾರ ಆಯಿತು, ಏನು ಮಾಡಿದೆ ಅಂತ ಹೇಳದೆ ಹೋದರೆ ಸರಿಯಲ್ಲ.

ಗಿರಾಕಿಗಳ ಎರಡಕ್ಕೂ ಎಸ್‌ಎಸ್‌ಡಿ ಹಾಕಿಸಿದೆ. ಅಕ್ಕನ ಮಗ ಭಾನುವಾರ ಬಂದು ಲಿನಕ್ಸ್ ಮಿಂಟ್ ಕೂರಿಸಿದ. ಫೈರ್‌ಫಾಕ್ಸ್, ಯೂಬ್ಲಾಕ್, ಯಾವಾಗಲೂ ಪ್ರೈವೇಟ್ ಮೋಡ್. ಮೊದಲ ದಿನವೇ ಒಂದು ಎಡವಟ್ಟು. ಒಬ್ಬ ತನ್ನ ಕಿಟಕಿ ಮುಚ್ಚಿ ಎದ್ದು ಹೋದ, ಮುಂದಿನವಳಿಗೆ ಅವನ ಮೇಲ್ ಹಾಗೇ ತೆರೆಯಿತು. ನೋಡಿದರೆ ಹಿಂದೆ ಇನ್ನೊಂದು ಕಿಟಕಿ ತೆರೆದೇ ಇತ್ತು. ಎಲ್ಲ ಕಿಟಕಿ ಮುಚ್ಚಿದರೆ ಮಾತ್ರ ಮರೆಯುತ್ತದಂತೆ. ಈಗ ಒಬ್ಬರು ಎದ್ದ ಕೂಡಲೇ ಹುಡುಗಿ ಹೋಗಿ ಎಲ್ಲ ಮುಚ್ಚಿ, ಡೌನ್‌ಲೋಡ್ಸ್ ಖಾಲಿ ಮಾಡಿ ಬರುತ್ತಾಳೆ. ಹೋಟೆಲಿನಲ್ಲಿ ಟೇಬಲ್ ಒರೆಸುವ ಹಾಗೆ.

ನಮ್ಮಿಬ್ಬರದರಲ್ಲಿ ವಿಂಡೋಸ್ ಉಳಿಸಿಕೊಂಡೆ. ಎಡ್ಜ್ ಬರೀ ಸಹಿ ಮತ್ತು ಬೆರಳಚ್ಚಿಗೆ, ಉಳಿದದ್ದಕ್ಕೆಲ್ಲ ಫೈರ್‌ಫಾಕ್ಸ್. ಬುಕ್‌ಮಾರ್ಕ್ ಸಾಲಿನಲ್ಲಿ ಹದಿಮೂರು ಸೈಟು ಇವೆ. ಸರ್ಚ್ ಮಾಡಿದರೆ ಹತ್ತು ರೂಪಾಯಿ ದಂಡ ಅಂತ ಡಬ್ಬಿ ಇಟ್ಟಿದ್ದೇನೆ. ಇಲ್ಲಿಯವರೆಗೆ ನನ್ನದೇ ಮೂವತ್ತು ಬಿದ್ದಿದೆ, ಹುಡುಗಿಯದು ಒಂದೂ ಇಲ್ಲ.

ಅಜ್ಜ ಮತ್ತೆ ಬಂದಿದ್ದರು. ಈ ಸಲ ಹುಡುಗಿಯೇ ಅರ್ಜಿ ಹಾಕಿದಳು. ವಿಳಾಸದ ಬಾಲವನ್ನು ಬೆರಳಿಟ್ಟು ಓದಿ ಅಜ್ಜನಿಗೆ ತೋರಿಸಿದಳು. 1,500 ಕಟ್ಟಿದೆವು, ಅಪಾಯಿಂಟ್‌ಮೆಂಟ್ ಬಂದಿದೆ. ನಮ್ಮ ಸರ್ವಿಸ್ ಚಾರ್ಜ್ ತಗೊಳ್ಳಲಿಲ್ಲ. ಅಜ್ಜ ಬೈದು ಕೊಟ್ಟು ಹೋದರು.

ಒಂದು ಮಾತ್ರ ಬಗೆಹರಿದಿಲ್ಲ. ಒಂದು ಪೋರ್ಟಲ್‌ನ ಸ್ವೀಕೃತಿ ಪತ್ರ ಫೈರ್‌ಫಾಕ್ಸ್‌ನಿಂದ ಪ್ರಿಂಟ್ ಕೊಟ್ಟರೆ ಎರಡನೇ ಹಾಳೆಗೆ ಬರೀ ಒಂದು ಸಾಲು ಹೋಗುತ್ತದೆ. ಸದ್ಯ ಸ್ಕೇಲ್ 92 ಇಟ್ಟು ಒಂದೇ ಹಾಳೆಗೆ ಹಿಡಿಸುತ್ತಿದ್ದೇನೆ. ಪ್ರತಿ ಸಲ ಕೈಯಿಂದ ಬದಲಿಸದ ಹಾಗೆ ಏನಾದರೂ ದಾರಿ ಇದೆಯಾ?